ಲೈಬ್ರರಿಗೆ ಮಕ್ಕಳು ಬರಬೇಕಾ? ಬೀಗದ ಕೈ ಅವರಿಗೇ ಕೊಡಿ

ಎರಡು ವರ್ಷದ ಹಿಂದೆ ಉಡುಪಿ ಹತ್ತಿರದ ನಮ್ಮೂರಿನ ಲೈಬ್ರರಿಯಲ್ಲಿ ನಾವು ನಾಲ್ಕೈದು ಜನ ಸೇರಿ ಓದುವ ಕೂಟ ಅಂತ ಒಂದು ಶುರು ಮಾಡಿದೆವು. ಮೈಕ್, ಅತಿಥಿಗಳು, ಹೂಗುಚ್ಛ ಎಲ್ಲ ಇತ್ತು. ಓದಿನ ಮಹತ್ವದ ಬಗ್ಗೆ ಮೂರು ಭಾಷಣ ಆಯಿತು. ನಲವತ್ತು ಮಕ್ಕಳು ಬಂದಿದ್ದರು. ಮರುವಾರ ಬಂದದ್ದು ಇಬ್ಬರು, ಅದರಲ್ಲೂ ಒಬ್ಬ ಬಿಟ್ಟುಹೋದ ಕೊಡೆ ಹುಡುಕಿಕೊಂಡು ಬಂದವನು.

ತಪ್ಪು ನಮ್ಮದೇ. ಹದಿನಾಲ್ಕು ಹದಿನೈದರ ಮಕ್ಕಳಿಗೆ ‘ಓದು, ಓದು’ ಅನ್ನುವವರಿಗೆ ಬರ ಇಲ್ಲ ಮಾರಾಯ್ರೆ. ಅಮ್ಮ ಹೇಳುತ್ತಾರೆ, ಟೀಚರ್ ಹೇಳುತ್ತಾರೆ, ಟ್ಯೂಷನ್‌ನವರು ಹೇಳುತ್ತಾರೆ. ಲೈಬ್ರರಿಯೂ ಅದನ್ನೇ ಹೇಳಿದರೆ ಯಾರು ಬರುತ್ತಾರೆ? ಆಮೇಲೆ ನಾವು ದಾರಿ ಬದಲಿಸಿದೆವು. ನಿಮ್ಮೂರಲ್ಲಿ ಮಾಡುವುದಾದರೆ ಹೀಗೆ ಮಾಡಿ ನೋಡಿ.

1. ಬಾಗಿಲು ಯಾವಾಗ ತೆರೆದಿರುತ್ತದೆ?

ಹೊಸ ಲೈಬ್ರರಿ ಕಟ್ಟಲು ಹೋಗಬೇಡಿ. ಹೆಚ್ಚಿನ ಪಂಚಾಯತ್‌ಗಳಲ್ಲಿ ಈಗಾಗಲೇ ಒಂದು ಉಂಟು, ಈಗ ಅದಕ್ಕೆ ‘ಅರಿವು ಕೇಂದ್ರ’ ಅಂತ ಹೆಸರು. 2020ರಲ್ಲಿ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವಕ್ಕೆ ದುಡ್ಡು ಕೊಡಬೇಕಾಗಿಲ್ಲ. ಸುಮಾರು ಮನೆಗಳಿಗೆ ಇದು ಗೊತ್ತೇ ಇಲ್ಲ. ಪೇಟೆಯವರಿಗೆ ಮಂಗಳೂರಿನ ಬಾವುಟಗುಡ್ಡೆಯಲ್ಲಿ, ಉಡುಪಿಯ ಅಜ್ಜರಕಾಡಿನಲ್ಲಿ ಗ್ರಂಥಾಲಯ ಉಂಟು. ಕೇಳಲು ಸಂಕೋಚ ಬೇಡ. ನಾವು ಕಟ್ಟುವ ಮನೆ ತೆರಿಗೆಯ ಮೇಲೆ ಗ್ರಂಥಾಲಯ ಕರ ಅಂತ ಶೇ. 6 ಹಾಕಿರುತ್ತಾರೆ, ಅಲ್ವಾ?

ಗ್ರಂಥಪಾಲಕರ ಹತ್ತಿರ ಕೂತು ಮೊದಲು ಸಮಯದ ವಿಷಯ ಮಾತಾಡಿ. ಮಕ್ಕಳು ಬಸ್ಸಿಳಿಯುವಾಗ ಐದು ಗಂಟೆ. ಆಗ ಲೈಬ್ರರಿಗೆ ಬೀಗ ಬಿದ್ದಿದ್ದರೆ ಉಳಿದದ್ದೆಲ್ಲ ಸುಮ್ನೆ. ನಾವು ಶನಿವಾರ ಮಧ್ಯಾಹ್ನ ಮೂರರಿಂದ ಐದು ಅಂತ ಗೊತ್ತು ಮಾಡಿದೆವು. ಅವತ್ತು ಅರ್ಧ ದಿನ ಶಾಲೆ, ಊಟ ಮುಗಿಸಿ ಬರಬಹುದು, ಕತ್ತಲೆಗೆ ಮೊದಲು ಮನೆ ಸೇರಬಹುದು.

2. ಪುಸ್ತಕ ಅವರೇ ಆರಿಸಲಿ

ದಾನ ಕೊಡುತ್ತೇವೆ ಅಂತ ಜನ ಹಳೇ ಗೈಡು, ಯಾವ ಕಾಲದ್ದೋ ಕಂಪ್ಯೂಟರ್ ಪುಸ್ತಕ ಎಲ್ಲ ತಂದು ಸುರಿಯುತ್ತಾರೆ. ನಯವಾಗಿ ಬೇಡ ಅನ್ನಿ. ಅದರ ಬದಲು ಊರವರಿಂದ ಎರಡು ಮೂರು ಸಾವಿರ ಒಟ್ಟು ಮಾಡಿ, ನಾಲ್ಕು ಮಕ್ಕಳನ್ನು ಪುಸ್ತಕದಂಗಡಿಗೆ ಕರೆದುಕೊಂಡು ಹೋಗಿ, ಅವರ ಕೈಗೇ ದುಡ್ಡು ಕೊಟ್ಟು ನೀವು ಹೊರಗೆ ನಿಂತು ಚಾ ಕುಡಿಯಿರಿ. ದೆವ್ವದ ಕಥೆ, ಪತ್ತೇದಾರಿ, ಕ್ರಿಕೆಟ್, ಕಾಮಿಕ್ಸ್ ತರುತ್ತಾರೆ. ತರಲಿ, ಮುಖ ಸಿಂಡರಿಸಬೇಡಿ. ‘ಪ್ರತಿ ಓದುಗನಿಗೂ ಅವನ ಪುಸ್ತಕ’ ಅಂದವರು ನಮ್ಮ ದೇಶದ ಗ್ರಂಥಾಲಯ ಶಾಸ್ತ್ರದ ಹಿರಿಯ ಎಸ್.ಆರ್. ರಂಗನಾಥನ್. ಲೈಬ್ರರಿ ಕೆಲಸಕ್ಕೆ ಬರುವ ಮೊದಲು, 1917ರಲ್ಲಿ, ಅವರು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತದ ಮೇಷ್ಟ್ರಾಗಿದ್ದರು!

ನಮ್ಮ ಕಡೆ ಇನ್ನೊಂದು ತೊಡಕು ಉಂಟು. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ಪಟಪಟ ಮಾತಾಡುವ ಹುಡುಗ ಓದಲು ಕೂತರೆ ಒಂದೊಂದು ಒತ್ತಕ್ಷರ ಬಂದಾಗಲೂ ಬಸ್ಸು ಹಂಪ್ ಹತ್ತಿದ ಹಾಗೆ ನಿಲ್ಲುತ್ತಾನೆ. ಎಲ್ಲರೆದುರು ಓದಿಸಿದರೆ ನಾಚಿಕೆಯಾಗಿ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ನೀವೇ ಮೊದಲ ಹತ್ತು ಪುಟ ಗಟ್ಟಿಯಾಗಿ ಓದಿ, ಕಥೆಯಲ್ಲಿ ಬಾಗಿಲು ಬಡಿದ ಸದ್ದಾಗುವಲ್ಲಿ ನಿಲ್ಲಿಸಿ, ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಎದ್ದು ಹೋಗಿ. ಯಾರಾದರೂ ಒಬ್ಬರು ಅದನ್ನು ಮನೆಗೆ ಒಯ್ಯುತ್ತಾರೆ.

3. ತಾಳಮದ್ದಳೆಯ ಹಾಗೆ ಕೂರಿಸಿ

ನಮಗೆ ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟದ್ದು ಇದು. ‘ಈ ಪುಸ್ತಕದಿಂದ ಏನು ಕಲಿತೆ?’ ಅಂತ ಕೇಳಿದರೆ ಮಕ್ಕಳು ಪರೀಕ್ಷೆಯ ಉತ್ತರ ಹೇಳುತ್ತಾರೆ. ಆದರೆ ಇವೇ ಮಕ್ಕಳು ಯಕ್ಷಗಾನ ನೋಡಿ ಬೆಳೆದವರು. ತಾಳಮದ್ದಳೆಯಲ್ಲಿ ವೇಷ ಇಲ್ಲದೆ, ಕುಣಿತ ಇಲ್ಲದೆ, ಸುಮ್ನೆ ಎದುರುಬದುರು ಕೂತು ಅರ್ಥಧಾರಿಗಳು, ಅಂದರೆ ಪಾತ್ರವಾಗಿ ಮಾತಾಡುವವರು, ಮಾತಿನಲ್ಲೇ ಯುದ್ಧ ಮಾಡುವುದನ್ನು ಕೇಳಿದವರು. ಅದನ್ನೇ ಪುಸ್ತಕಕ್ಕೆ ಹಚ್ಚಿದೆವು.

ಎಲ್ಲರೂ ಓದಬಹುದಾದ ಒಂದು ಸಣ್ಣ ಕಥೆ ತೆಗೆದುಕೊಳ್ಳಿ. ನಾಲ್ಕು ಜೆರಾಕ್ಸ್ ಸಾಕು, ವಾರವಿಡೀ ಕೈ ಬದಲಾಗಲಿ. ಅದರಲ್ಲಿ ಎರಡು ಪಾತ್ರ ಆರಿಸಿ. ಮಗನನ್ನು ಮನೆಯಿಂದ ಹೊರಗೆ ಹಾಕಿದ ಅಪ್ಪ ಒಬ್ಬ, ಮಗ ಇನ್ನೊಬ್ಬ. ಇಬ್ಬರು ಚಾಪೆಯ ಮೇಲೆ ಕೂತು ಆ ಪಾತ್ರವೇ ಆಗಿ ವಾದ ಮಾಡಬೇಕು. ಒಂದೇ ನಿಯಮ, ಕಥೆಯಲ್ಲಿ ಇಲ್ಲದ್ದನ್ನು ಹೇಳಿದರೆ ಸಭೆಯಿಂದ ಯಾರು ಬೇಕಾದರೂ ‘ಎಲ್ಲಿ ಉಂಟು, ಪುಟ ತೋರಿಸು’ ಅನ್ನಬಹುದು. ಇಲ್ಲಿಯೇ ಇರುವುದು ಗುಟ್ಟು. ಎದುರಾಳಿಯನ್ನು ಹಿಡಿಯಬೇಕಾದರೆ ಕೇಳುವವನೂ ಓದಿರಬೇಕು. ಕೊಡೆ ಹುಡುಕಿಕೊಂಡು ಬಂದಿದ್ದ ಆ ಹುಡುಗ ಒಂದು ಶನಿವಾರ ಅಪ್ಪನ ಪಾತ್ರ ವಹಿಸಿ ಎಷ್ಟು ಚೆನ್ನಾಗಿ ಸಮರ್ಥಿಸಿದ ಅಂದರೆ, ಮಗನಾಗಿ ಕೂತವಳು ‘ಇನ್ನೊಂದು ವಾರ ಸಮಯ ಕೊಡಿ’ ಅಂತ ಕಥೆಯನ್ನು ಮತ್ತೆ ಓದಲು ಮನೆಗೆ ಒಯ್ದಳು. ಬಹುಮಾನ ಇಡಬೇಡಿ. ಇಟ್ಟರೆ ಅಪ್ಪ ಅಮ್ಮಂದಿರು ವಾದ ಬರೆದುಕೊಟ್ಟು ಬಾಯಿಪಾಠ ಮಾಡಿಸುತ್ತಾರೆ, ಅನುಭವದ ಮಾತು.

4. ಬೀಗದ ಕೈ, ರಿಜಿಸ್ಟರು

ಗಾಜಿನ ಕಪಾಟಿಗೆ ಬೀಗ ಹಾಕಿ ಇಟ್ಟ ಪುಸ್ತಕ ಪ್ರದರ್ಶನಕ್ಕೆ ಮಾತ್ರ. ಗ್ರಂಥಪಾಲಕರನ್ನು ಒಪ್ಪಿಸಿ ಒಂದು ಕಪಾಟಿನ ಬೀಗದ ಕೈ ಒಂಬತ್ತನೇ ಕ್ಲಾಸಿನವರ ಕೈಗೆ ಕೊಡಿ. ಕೊಡುವುದು, ತೆಗೆದುಕೊಳ್ಳುವುದು, ಬರೆದಿಡುವುದು ಅವರೇ. ದಂಡ ಬೇಡ. ಐದು ರೂಪಾಯಿ ದಂಡಕ್ಕೆ ಹೆದರಿ ಪುಸ್ತಕವೂ ಬರುವುದಿಲ್ಲ, ಹುಡುಗನೂ ಬರುವುದಿಲ್ಲ. ಒಂದೆರಡು ಕಳೆದುಹೋಗುತ್ತವೆ, ಹೋಗಲಿ.

5. ಮಳೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಪುಸ್ತಕದ ದೊಡ್ಡ ವೈರಿ ಮೊಬೈಲ್ ಅಲ್ಲ, ಬೂಷ್ಟು. ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಇಡಿ, ನುಸಿಗುಳಿಗೆ ಹಾಕಿ, ಬಿಸಿಲು ಬಂದ ದಿನ ಬಾಗಿಲು ತೆರೆದಿಡಿ. ಹೊಸ್ತಿಲಲ್ಲಿ ಗೋಣಿ, ಕೊಡೆಗೆ ಒಂದು ಬಕೆಟ್. ಪುಸ್ತಕ ಒಯ್ಯುವವರಿಗೆ ಒಂದು ಪ್ಲಾಸ್ಟಿಕ್ ಚೀಲ. ಮಳೆಗೆ ಶಾಲೆಗೆ ರಜೆ ಕೊಟ್ಟ ದಿನ ಮಕ್ಕಳನ್ನು ಲೈಬ್ರರಿಗೆ ಕರೆಯಬೇಡಿ. ರಜೆ ಕೊಟ್ಟದ್ದೇ ಮನೆಯಲ್ಲಿ ಇರಲಿ ಅಂತ.

6. ‘ಎಸ್ಸೆಸ್ಸೆಲ್ಸಿ ಉಂಟು, ಕಥೆ ಪುಸ್ತಕ ಎಂತಕ್ಕೆ?’

ಈ ಪ್ರಶ್ನೆ ಬಂದೇ ಬರುತ್ತದೆ. ಹೆತ್ತವರ ಜೊತೆ ವಾದಕ್ಕೆ ಕೂರಬೇಡಿ, ಅವರಿಗೂ ಹೆದರಿಕೆ ಇರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಚಾಪೆ ಮಡಚಿಡಿ, ಆದರೆ ಬಾಗಿಲು ಮುಚ್ಚಬೇಡಿ. ಫ್ಯಾನ್ ಇರುವ, ಟಿವಿ ಇಲ್ಲದ ಜಾಗ ಅಂತ ಪಾಠ ಓದಲು ಅಲ್ಲಿಗೇ ಬರುತ್ತಾರೆ. ಪರೀಕ್ಷೆ ಮುಗಿದು ಅಜ್ಜಿಮನೆಗೆ ಹೊರಟವರಿಗೆ ಎರಡು ಪುಸ್ತಕ ಜಾಸ್ತಿ ಕೊಟ್ಟು ಕಳಿಸಿ. ರಿಜಿಸ್ಟರಿನಲ್ಲಿ ವಾಪಸು ಕೊಡುವ ತಾರೀಕಿನ ಜಾಗದಲ್ಲಿ ‘ಶಾಲೆ ಶುರುವಾದ ಮೇಲೆ’ ಅಂತ ಬರೆದರೆ ಸಾಕು.