ಹೊರಗಿನವರ ಪ್ಲಗಿನ್‌ಗೆ ಬೇರೆ ಕೋಣೆ ಕೊಡಿ

ನಮ್ಮ ಬಿಲ್ಲಿಂಗ್ ಆ್ಯಪ್‌ಗೆ ಯಾರೋ ಬರೆದ ಚಾರ್ಟ್ ಪ್ಲಗಿನ್ ಸೇರಿಸಿದ್ದೆ. ನೇರವಾಗಿ ಸ್ಕ್ರಿಪ್ಟ್ ಟ್ಯಾಗ್‌ನಲ್ಲೇ ಹಾಕಿದ್ದೆ, ಅಂದರೆ ಅದು ನಮ್ಮ ಪುಟದ ಸ್ವಂತ ಕೋಡ್‌ನಂತೆಯೇ ಓಡುತ್ತಿತ್ತು. ಅದು ಗ್ರಾಹಕರ ಫೋನ್ ನಂಬರ್‌ಗಳನ್ನೂ ಓದಬಹುದಿತ್ತು ಅಂತ ಹೊಳೆದ ರಾತ್ರಿ ನಿದ್ದೆ ಬರಲಿಲ್ಲ. ಈಗ ಹೀಗೆ ಮಾಡುತ್ತೇನೆ.

ಪ್ಲಗಿನ್ ಅನ್ನು ಐಫ್ರೇಮ್ (ಪುಟದೊಳಗೆ ಇನ್ನೊಂದು ಪುಟ ತೋರಿಸುವ ಚೌಕಟ್ಟು) ಒಳಗೆ ಇಡಿ. ಆ ಐಫ್ರೇಮ್‌ಗೆ ಸ್ಯಾಂಡ್‌ಬಾಕ್ಸ್ ಆಟ್ರಿಬ್ಯೂಟ್ (ಒಳಗಿನ ಪುಟಕ್ಕೆ ಬೇಲಿ ಹಾಕುವ ಸೆಟ್ಟಿಂಗ್) ಹಾಕಿ, 'ಅಲೋ-ಸ್ಕ್ರಿಪ್ಟ್ಸ್' (ಸ್ಕ್ರಿಪ್ಟ್ ಓಡಿಸುವ ಅನುಮತಿ) ಒಂದನ್ನೇ ಕೊಡಿ. ಜೊತೆಗೆ 'ಅಲೋ-ಸೇಮ್-ಆರಿಜಿನ್' ಕೊಡಬೇಡಿ (ಆರಿಜಿನ್ ಅಂದರೆ ಪ್ರೋಟೋಕಾಲ್, ಡೊಮೇನ್, ಪೋರ್ಟ್ ಸೇರಿದ ಸೈಟ್ ವಿಳಾಸ). ಪ್ಲಗಿನ್ ಫೈಲ್ ನಿಮ್ಮದೇ ಆರಿಜಿನ್‌ನಿಂದ ಬರುತ್ತಿದ್ದರೆ, ಇವೆರಡೂ ಸೇರಿದಾಗ ಅದು ತನ್ನ ಬೇಲಿಯನ್ನು ತಾನೇ ಕಿತ್ತು ಹಾಕಬಹುದು.

ನಿಮ್ಮ ಪುಟ ಮತ್ತು ಫ್ರೇಮ್ ನಡುವಿನ ಮಾತುಕತೆಗೆ ಪೋಸ್ಟ್‌ಮೆಸೇಜ್ (ಸಂದೇಶ ಕಳಿಸುವ ಬ್ರೌಸರ್ ವಿಧಾನ) ಸಾಕು. ಆದರೆ ಈ ಫ್ರೇಮ್‌ನಿಂದ ಬಂದ ಸಂದೇಶದ ಆರಿಜಿನ್ 'ನಲ್' ಅಂತ ಇರುತ್ತದೆ. ಇಂಥದ್ದೇ ಇನ್ನೊಂದು ಫ್ರೇಮ್‌ನದ್ದೂ ಹಾಗೇ ಇರುತ್ತದೆ, ಅಲ್ವಾ? ಹಾಗಾಗಿ ಸಂದೇಶದ ಸೋರ್ಸ್ (ಕಳಿಸಿದ ವಿಂಡೋ) ನಿಮ್ಮ ಐಫ್ರೇಮ್‌ನ ಕಂಟೆಂಟ್‌ವಿಂಡೋನೇ (ಅದರೊಳಗಿನ ವಿಂಡೋ) ಹೌದಾ ಅಂತ ಹೋಲಿಸಿ. ಆಮೇಲೆ ಸಂದೇಶದ ಹೆಸರು ನಿಮ್ಮ ಪಟ್ಟಿಯಲ್ಲಿ ಇದೆಯಾ, ಸಂಖ್ಯೆ ಇರಬೇಕಾದಲ್ಲಿ ಸಂಖ್ಯೆಯೇ ಇದೆಯಾ ನೋಡಿ. ಇಲ್ಲದಿದ್ದರೆ ಸುಮ್ನೆ ಬಿಟ್ಟುಬಿಡಿ. ಬಂದ ಬರಹವನ್ನು ಇನ್ನರ್‌ಎಚ್‌ಟಿಎಂಎಲ್‌ಗೆ (ಅದು ಬರಹವನ್ನು ಎಚ್‌ಟಿಎಂಎಲ್ ಕೋಡ್ ಆಗಿ ಓದುತ್ತದೆ) ಎಂದೂ ಹಾಕಬೇಡಿ, ಬರಹವನ್ನು ಬರಹವಾಗಿಯೇ ತೋರಿಸುವ ಟೆಕ್ಸ್ಟ್‌ಕಂಟೆಂಟ್ ಬಳಸಿ.

ಇಂಥ ಫ್ರೇಮ್‌ಗೆ ಕಳಿಸುವಾಗ ಟಾರ್ಗೆಟ್ ಆರಿಜಿನ್ (ಸಂದೇಶ ಯಾವ ಆರಿಜಿನ್‌ಗೆ ಅನ್ನುವುದು) ಜಾಗದಲ್ಲಿ ನಕ್ಷತ್ರ ಚಿಹ್ನೆ (*) ಹಾಕಲೇಬೇಕಾಗುತ್ತದೆ. ಅಂದರೆ ಆ ಫ್ರೇಮ್‌ನಲ್ಲಿ ಆಗ ಯಾವ ಪುಟ ಇದ್ದರೂ ಅದಕ್ಕೇ ಸಂದೇಶ ತಲುಪುತ್ತದೆ. ಹಾಗಾಗಿ ಟೋಕನ್ (ಲಾಗಿನ್ ಆದವರ ಗುಟ್ಟಿನ ಗುರುತು), ಫೋನ್ ನಂಬರ್ ಕಳಿಸಲೇಬೇಡಿ. ನಾನು ತಿಂಗಳ ಹೆಸರು, ಮೊತ್ತ ಇವೆರಡನ್ನೇ ಕಳಿಸುತ್ತೇನೆ. ಚಾರ್ಟ್ ಬಿಡಿಸಲು ಅಷ್ಟೇ ಸಾಕಾಗಿದೆ.