ಫ್ಲೂ ಮಹಾಮಾರಿಯ ಕಾಲದಲ್ಲಿ ಶಾಲೆ ಮುಚ್ಚುವ ಬಗೆ

ಶಾಲೆ ಮುಚ್ಚಿದ ಮಾತ್ರಕ್ಕೆ ಫ್ಲೂ ನಿಂತುಹೋಗುವುದಿಲ್ಲ. ಅದರ ಓಟ ನಿಧಾನವಾಗಿ, ಒಂದೇ ವಾರದಲ್ಲಿ ಆಸ್ಪತ್ರೆಗೆ ನುಗ್ಗಬಹುದಾಗಿದ್ದ ರೋಗಿಗಳು ಹಲವು ವಾರಗಳಿಗೆ ಹಂಚಿಹೋಗುತ್ತಾರೆ. ಆದುದರಿಂದ ಎಲ್ಲಕ್ಕಿಂತ ಮುಖ್ಯವಾದುದು ಮುಚ್ಚುವ ದಿನ. 1918ರ ಅಕ್ಟೋಬರ್‌ನಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರವು ನಾಗರಿಕರಲ್ಲಿ ರೋಗ ಕಾಣಿಸಿಕೊಂಡ ಕೆಲವೇ ದಿನಗಳಲ್ಲಿ ಶಾಲೆ, ಚಿತ್ರಮಂದಿರಗಳನ್ನು ಮುಚ್ಚಿತು. ಫಿಲಡೆಲ್ಫಿಯಾ ಸುಮಾರು ಎರಡು ವಾರ ತಡಮಾಡಿತಲ್ಲದೆ, ಆ ನಡುವೆ ದೊಡ್ಡದೊಂದು ಮೆರವಣಿಗೆಯನ್ನೂ ನಡೆಸಿತು, ಅಲ್ಲಿ ಸಾವಿನ ಪ್ರಮಾಣ ಹಲವು ಪಟ್ಟು ಏರಿತು.

ತಡವಾಗದಿರಲು ಹಾಜರಿ ಪುಸ್ತಕವನ್ನು ನಂಬಿರಿ. ಒಂದೇ ತರಗತಿಯಲ್ಲಿ ಜ್ವರ, ಕೆಮ್ಮಿನಿಂದ ಗೈರಾದವರ ಸಂಖ್ಯೆ ದಿಢೀರನೆ ಹೆಚ್ಚಿದರೆ, ಮುಖ್ಯೋಪಾಧ್ಯಾಯರು ಅಂದೇ ತಾಲ್ಲೂಕು ಆರೋಗ್ಯಾಧಿಕಾರಿಗೆ ತಿಳಿಸಬೇಕು.

ರಜೆಯ ಆದೇಶದಲ್ಲಿ ಅವಧಿಯನ್ನೂ ಮರುಪರಿಶೀಲನೆಯ ದಿನಾಂಕವನ್ನೂ ಸ್ಪಷ್ಟವಾಗಿ ನಮೂದಿಸಿರಿ. ಬಿಸಿಯೂಟ ನಿಲ್ಲುವುದರಿಂದ ಅಕ್ಕಿ, ಬೇಳೆಯನ್ನು ಮನೆಗೆ ತಲುಪಿಸುವ ಏರ್ಪಾಡು ಅದೇ ದಿನ ಆಗಬೇಕು. ಕೂಲಿಗೆ ಹೋಗುವ ತಾಯಿಗೆ ಮಗುವನ್ನು ಯಾರು ನೋಡಿಕೊಳ್ಳುವರೆಂಬುದು ಅದಕ್ಕಿಂತಲೂ ಕಠಿಣವಾದ ಪ್ರಶ್ನೆ. ಅಜ್ಜಿಯ ಬಳಿ ಬಿಡುವುದು ನಮ್ಮಲ್ಲಿ ಸಹಜವಾದರೂ, ವೃದ್ಧರಿಗೆ ಫ್ಲೂ ಅಪಾಯಕಾರಿ ಎಂಬುದನ್ನು ಮರೆಯಬಾರದು.

ಶಾಲೆಗೆ ಬೀಗ ಹಾಕಿ ಟ್ಯೂಷನ್ ತೆರೆದಿಟ್ಟರೆ ಪ್ರಯೋಜನ ಕಡಿಮೆ. 2009ರ ಆಗಸ್ಟ್‌ನಲ್ಲಿ ಪುಣೆಯಲ್ಲಿ ಎಚ್1ಎನ್1 ಫ್ಲೂ (ಹಂದಿಜ್ವರ) ಹರಡಿದಾಗ ಶಾಲೆಗಳೊಂದಿಗೆ ಚಿತ್ರಮಂದಿರಗಳನ್ನೂ ಮುಚ್ಚಿದ್ದರು.

ಮತ್ತೆ ತೆರೆಯುವಾಗ ಅವಸರ ಬೇಡ. ಸೇಂಟ್ ಲೂಯಿಸ್‌ನಲ್ಲೂ ನಿರ್ಬಂಧ ಸಡಿಲಿಸಿದ ಮೇಲೆ ರೋಗ ಮರುಕಳಿಸಿ, ಶಾಲೆಗಳನ್ನು ಮತ್ತೆ ಮುಚ್ಚಬೇಕಾಯಿತು.