ಫೈಟರ್ ಮರಿಗಳ ಮೊದಲ ಊಟ

ಫೈಟರ್ ಮೀನಿನಿಂದ ಮೊಟ್ಟೆ ಇಡಿಸುವುದು ಅಂಥ ಕಷ್ಟವೇನಲ್ಲ. ಮರಿ ಉಳಿಸುವುದೇ ಕಷ್ಟ. ಅದಕ್ಕೇ ಜೋಡಿಯನ್ನು ಟ್ಯಾಂಕಿಗೆ ಬಿಡುವ ಮೊದಲೇ ನಾನು ಮರಿಗಳ ಊಟಕ್ಕೆ ತಯಾರಿ ಮಾಡಿಕೊಳ್ಳುತ್ತೇನೆ.

ಒಂದು ಬಾಟಲಿಗೆ ಹಳೇ ಟ್ಯಾಂಕ್ ನೀರು ತುಂಬಿ, ಒಣಗಿದ ಕಾಡುಬಾದಾಮಿ ಎಲೆ, ಚೂರು ಬಾಳೆಹಣ್ಣಿನ ಸಿಪ್ಪೆ ಹಾಕಿ ಕಿಟಕಿ ಹತ್ತಿರ ಇಡುತ್ತೇನೆ. ಮೊದಲು ನೀರು ಬೆಳ್ಳಗೆ ಕದಡಿ ವಾಸನೆ ಹೊಡೆಯುತ್ತದೆ. ಮನೆಯವರು ಬೈಯುತ್ತಾರೆ, ಬೈಯಲಿ. ಕೆಲವು ದಿನ ಬಿಟ್ಟು ನೀರು ತಿಳಿಯಾದರೆ ಇನ್ಫ್ಯೂಸೋರಿಯಾ, ಅಂದರೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು, ಬೆಳೆದಿವೆ ಅಂತ ಲೆಕ್ಕ. ಜೊತೆಗೆ ಓಟ್ಸ್ ಗಂಜಿಗೆ ಚಿಟಿಕೆ ಯೀಸ್ಟ್ ಸೇರಿಸಿ ಒಂದು ಡಬ್ಬಿಯಲ್ಲಿ ಮೈಕ್ರೋವರ್ಮ್ ಅನ್ನುವ ಪುಟ್ಟ ಹುಳುಗಳನ್ನು ಸಾಕುತ್ತೇನೆ. ಡಬ್ಬಿಯ ಗೋಡೆ ಹತ್ತುವ ಹುಳುಗಳನ್ನು ಬೆರಳಲ್ಲಿ ಒರೆಸಿ ತೆಗೆದರೆ ಆಯಿತು.

27–28 ಡಿಗ್ರಿಯಲ್ಲಿ ಮೊಟ್ಟೆಗಳು 24ರಿಂದ 48 ಗಂಟೆಯೊಳಗೆ ಒಡೆಯುತ್ತವೆ. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಹೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಹುಟ್ಟಿದ ಮರಿಗಳು ಬಾಲ ಕೆಳಗೆ ಬಿಟ್ಟು, ಗಂಡು ಮೀನು ನೀರಿನ ಮೇಲೆ ಗಾಳಿಗುಳ್ಳೆಗಳಿಂದ ಕಟ್ಟಿದ ಗೂಡಿನ ಅಡಿಯಲ್ಲಿ ನೇತಾಡುತ್ತಿರುತ್ತವೆ. ಒಂದು ಜಾರಿ ತಳಕ್ಕೆ ಬಿದ್ದರೆ ಅಪ್ಪ ಹೋಗಿ ಬಾಯಲ್ಲಿ ಎತ್ತಿಕೊಂಡು ಬಂದು ವಾಪಸ್ ಗೂಡಿಗೆ ಉಗುಳುತ್ತಾನೆ. ಅಷ್ಟರಲ್ಲಿ ಇನ್ನೆರಡು ಬಿದ್ದಿರುತ್ತವೆ. ತಾಯಿಯನ್ನು ಮಾತ್ರ ಮೊಟ್ಟೆ ಇಟ್ಟ ಕೂಡಲೇ ಹೊರಗೆ ತೆಗೆಯಬೇಕು, ಅವಳು ಮೊಟ್ಟೆ ತಿಂದುಬಿಡುತ್ತಾಳೆ.

ಈ ಹೊತ್ತಿನಲ್ಲಿ ಸುಮ್ನೆ ನೋಡುತ್ತಾ ಕೂರಬೇಕು. ಹೊಟ್ಟೆಯಡಿಯ ಹಳದಿ ಚೀಲವೇ ಮರಿಗೆ ಊಟ. ಎರಡು ಮೂರು ದಿನದಲ್ಲಿ ಅದು ಕರಗಿ, ಮರಿಗಳು ಅಡ್ಡಡ್ಡ ಈಜತೊಡಗುತ್ತವೆ. ಆಗ ಅಪ್ಪನನ್ನೂ ತೆಗೆದು, ಇನ್ಫ್ಯೂಸೋರಿಯಾ ನೀರು ಬಿಡುತ್ತೇನೆ. ಅಂಗಡಿಯ ಪುಡಿ ಆಹಾರವನ್ನು ಈ ವಯಸ್ಸಿಗೆ ನಾನು ನಂಬುವುದಿಲ್ಲ. ಮರಿಗಳು ಅಲುಗಾಡುವುದನ್ನು ಮಾತ್ರ ಬೇಟೆಯಾಡುತ್ತವೆ. ಪುಡಿ ತಳದಲ್ಲಿ ಕೊಳೆತು ನೀರು ಕೆಡಿಸುತ್ತದೆ.

ಆಮೇಲೆ ಮೈಕ್ರೋವರ್ಮ್, ಸುಮಾರು ಒಂದು ವಾರದ ಹೊತ್ತಿಗೆ ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿಯ ಮರಿಗಳು. ಲೀಟರ್ ನೀರಿಗೆ 25–30 ಗ್ರಾಂ ಕಲ್ಲುಪ್ಪು, ಏರ್ ಪಂಪ್, ಸ್ವಲ್ಪ ಬೆಚ್ಚಗಿನ ಜಾಗ ಇದ್ದರೆ ಒಂದೂವರೆ ದಿನದೊಳಗೆ ಆರ್ಟೀಮಿಯಾ ಮೊಟ್ಟೆಗಳು ಒಡೆಯುತ್ತವೆ. ಪಂಪ್ ನಿಲ್ಲಿಸಿ ಬಾಟಲಿಯ ಬುಡಕ್ಕೆ ಟಾರ್ಚ್ ಹಿಡಿದರೆ ಆರ್ಟೀಮಿಯಾ ಮರಿಗಳೆಲ್ಲ ಬೆಳಕಿಗೆ ಬಂದು ಸೇರುತ್ತವೆ, ಚಿಪ್ಪು ಮೇಲೆ ತೇಲುತ್ತದೆ. ಪೈಪಿನಲ್ಲಿ ಎಳೆದು, ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಹಾಕುತ್ತೇನೆ. ತಿಂದ ಮೀನುಮರಿಯ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಯಾವುದಕ್ಕೆ ಊಟ ಸಿಕ್ಕಿಲ್ಲ ಅಂತ ಇದರಿಂದಲೇ ಗೊತ್ತಾಗುತ್ತದೆ. ಜಾಸ್ತಿ ಹಾಕಬಾರದು, ಉಳಿದವು ಕೆಲವೇ ಗಂಟೆಗಳಲ್ಲಿ ಸತ್ತು ನೀರು ಹಾಳಾಗುತ್ತದೆ.

ಮೂರು ನಾಲ್ಕನೇ ವಾರ ಇನ್ನೊಂದು ಗಂಡಾಂತರ. ಗಾಳಿ ಉಸಿರಾಡುವ ಲ್ಯಾಬಿರಿಂತ್ ಅಂಗ ಬೆಳೆಯುವುದು ಆಗಲೇ. ಮರಿ ಮೇಲೆ ಬಂದು ತಣ್ಣನೆ ಗಾಳಿ ಎಳೆದುಕೊಂಡರೆ ಕಷ್ಟ. ಹಾಗಾಗಿ ಟ್ಯಾಂಕಿನ ಬಾಯಿಗೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಬಿಗಿದು, ಒಳಗಿನ ಗಾಳಿ ಬೆಚ್ಚಗೆ ಇರುವಂತೆ ನೋಡಿಕೊಳ್ಳುತ್ತೇನೆ. ನೀರು ಬದಲಿಸುವಾಗಲೂ ಅಷ್ಟೆ, ಅದೇ ಬಿಸಿಯ, ಕ್ಲೋರಿನ್ ಹೋದ ನೀರನ್ನು ಏರ್ ಟ್ಯೂಬಿನಲ್ಲಿ ಹನಿಹನಿಯಾಗಿ ಬಿಡುವುದು.

ಎರಡು ಮೂರು ತಿಂಗಳಿಗೆ ಗಂಡುಗಳು ಕಿವಿರು ಅರಳಿಸಿ ಒಂದನ್ನೊಂದು ಅಟ್ಟತೊಡಗಿದರೆ, ಒಂದೊಂದಕ್ಕೂ ಬೇರೆ ಬಾಟಲಿ ಹುಡುಕಬೇಕು. ಬಾಟಲಿಗಳನ್ನು ಈಗಿನಿಂದಲೇ ಕೂಡಿಡಿ.